ತೋಳಿನ ಮೇಲಿನ ನಗೆಗೆ ನೂರು ವರ್ಷ

2023ರ ಏಪ್ರಿಲ್‌ನಲ್ಲಿ ತೈವಾನಿನ ಸೇನಾ ಸುದ್ದಿಸಂಸ್ಥೆ ತನ್ನ ವಾಯುಪಡೆಯ ಪೈಲಟ್ ಒಬ್ಬರ ಫೋಟೊ ಪ್ರಕಟಿಸಿತು. ಚೀನಾದ ಪಡೆಗಳು ದ್ವೀಪವನ್ನು ಸುತ್ತುವರಿದು ಸಮರಾಭ್ಯಾಸ ನಡೆಸುತ್ತಿದ್ದ ದಿನಗಳವು. ಪೈಲಟ್‌ನ ತೋಳಿನ ಮೇಲೆ ಅಂಗೈಯಗಲದ ಒಂದು ಕಸೂತಿ ಬಿಲ್ಲೆ ಇತ್ತು. ತೈವಾನಿನ ಕಪ್ಪು ಕರಡಿಯೊಂದು ತನ್ನ ಬಾವುಟ ಹಿಡಿದುಕೊಂಡು ಮಕ್ಕಳ ಕಥೆಯ 'ವಿನ್ನಿ ದ ಪೂ' ಕರಡಿಯ ಮುಖಕ್ಕೆ ಗುದ್ದುತ್ತಿರುವ ಚಿತ್ರ. ಚೀನಾದ ಅಧ್ಯಕ್ಷರನ್ನು ಗೇಲಿ ಮಾಡುವವರು ಅವರನ್ನು ಪೂ ಕರಡಿಗೆ ಹೋಲಿಸುವುದು ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿ. ಬಿಲ್ಲೆಯನ್ನು ರೂಪಿಸಿ ಮಾರುತ್ತಿದ್ದವರ ಬಳಿ ಜನ ಮುಗಿಬಿದ್ದರು. ತೈವಾನಿನ ರಕ್ಷಣಾ ಸಚಿವಾಲಯ ಇದನ್ನು ತಾನಾಗಿ ಉತ್ತೇಜಿಸುವುದಿಲ್ಲ, ಆದರೆ ಸೈನಿಕರ ಸ್ಥೈರ್ಯ ಹೆಚ್ಚಿಸುವಂಥದ್ದಕ್ಕೆ ಅಡ್ಡಿಯನ್ನೂ ಮಾಡುವುದಿಲ್ಲ ಎಂಬರ್ಥದ ಮಾತು ಹೇಳಿ ಸುಮ್ಮನಾಯಿತು.

ಸೈನಿಕರು ಇಂಥ ಬಿಲ್ಲೆಯನ್ನು ಮೊರೇಲ್ ಪ್ಯಾಚ್ ಎನ್ನುತ್ತಾರೆ. ದರ್ಜೆ, ರೆಜಿಮೆಂಟು, ಪದಕಗಳನ್ನು ತೋರಿಸುವ ಚಿಹ್ನೆಗಳನ್ನು ಸರ್ಕಾರ ಕೊಡುತ್ತದೆ. ಇದನ್ನು ಕೊಡುವವರು ಯಾರೂ ಇಲ್ಲ. ಬ್ಯಾರಕ್ಕಿನಲ್ಲೋ ವಿಮಾನದ ಶೆಡ್ಡಿನಲ್ಲೋ ಕೂತ ಹುಡುಗರಿಗೆ ಏನೋ ಹೊಳೆಯುತ್ತದೆ, ಅವರಲ್ಲೊಬ್ಬ ಚಿತ್ರ ಬರೆಯುತ್ತಾನೆ, ಎಲ್ಲರೂ ದುಡ್ಡು ಹಾಕಿ ಊರ ದರ್ಜಿಯ ಹತ್ತಿರ ಹೊಲಿಸಿಕೊಳ್ಳುತ್ತಾರೆ. ಸೈನಿಕ ತೋಳಿಗೆ ಬಿಲ್ಲೆ ಹಾಕುವ ಪದ್ಧತಿ ಅಮೆರಿಕದ ಸೇನೆಯಲ್ಲಿ ಅಧಿಕೃತವಾಗಿ ಆರಂಭವಾಗಿ ಈಗ ನೂರು ವರ್ಷ ದಾಟಿದೆ. ಒಮ್ಮೆ ತಿರುಗಿ ನೋಡಬೇಕೆಂದು ನಮಗೆ ಅನ್ನಿಸಿದ್ದು ವರ್ಷದ ಲೆಕ್ಕಕ್ಕಾಗಿ ಮಾತ್ರವಲ್ಲ. ಈ ನಗೆಯ ದಿಕ್ಕು ಕಳೆದ ಇಪ್ಪತ್ತು ವರ್ಷಗಳಲ್ಲಿ ಬದಲಾಗಿದೆ. ಸೈನಿಕ ಮೊದಲು ತನ್ನ ಪಾಡನ್ನೂ ತನ್ನ ಸಾವನ್ನೂ ನೋಡಿ ನಗುತ್ತಿದ್ದ. ಎದುರಿಗಿರುವ ಜನರ ನಂಬಿಕೆಯನ್ನೂ ಅವರ ಸಾವನ್ನೂ ನೋಡಿ ನಗುವ ಬಿಲ್ಲೆಗಳು ಈಚೆಗೆ ಹೆಚ್ಚಿವೆ. ಇದು ಸಣ್ಣ ಬದಲಾವಣೆಯೆಂದು ನಾವು ಭಾವಿಸುವುದಿಲ್ಲ.

ಬಟ್ಟೆಯ ಗುರುತಿನ ಮೂಲದಲ್ಲಿ ನಗೆ ಇರಲಿಲ್ಲ, ಸಿಟ್ಟು ಇತ್ತು. 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಜನರಲ್ ಫಿಲಿಪ್ ಕರ್ನಿ ಕೆಲವು ಅಧಿಕಾರಿಗಳನ್ನು ತಮ್ಮವರೆಂದು ತಿಳಿದು ಹಿಗ್ಗಾಮುಗ್ಗಾ ಬೈದರು. ನೋಡಿದರೆ ಅವರು ಬೇರೊಬ್ಬರ ಕೈಕೆಳಗಿನವರು. ಮತ್ತೆ ಹಾಗಾಗಬಾರದೆಂದು ಕರ್ನಿ ತಮ್ಮ ಅಧಿಕಾರಿಗಳ ಟೋಪಿಗೆ ಕೆಂಪು ಬಟ್ಟೆಯ ತುಂಡು ಹಚ್ಚಿಸಿದರು. ಆ ವರ್ಷದ ಸೆಪ್ಟೆಂಬರ್ 1ರಂದು ಅವರು ಯುದ್ಧದಲ್ಲಿ ಮಡಿದರು. ಕೆಂಪು ತುಂಡನ್ನು ಅವರ ಸೈನಿಕರು ಬಿಡಲಿಲ್ಲ. ಮರುವರ್ಷ ಆ ಸೇನೆಯ ಒಂದೊಂದು ಕೋರ್‌ಗೂ ಒಂದೊಂದು ಆಕಾರದ ಗುರುತು ಬಂತು.

ತೋಳಿಗೆ ಬಿಲ್ಲೆ ಬಂದದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ದಕ್ಷಿಣ ಕೆರೊಲಿನಾದ ಕ್ಯಾಂಪ್ ಜಾಕ್ಸನ್‌ನಲ್ಲಿ ತರಬೇತಿ ಪಡೆದ 81ನೇ ಡಿವಿಷನ್, ಶಿಬಿರದ ಪಕ್ಕದ ವೈಲ್ಡ್‌ಕ್ಯಾಟ್ ಹೊಳೆಯ ಹೆಸರಿನಿಂದ ಕಾಡುಬೆಕ್ಕನ್ನು ತನ್ನ ಗುರುತಾಗಿ ಆರಿಸಿ ತೋಳಿಗೆ ಹೊಲಿದುಕೊಂಡಿತು. 1918ರ ಆಗಸ್ಟ್‌ನಲ್ಲಿ ಅವರು ಫ್ರಾನ್ಸ್ ತಲುಪಿದಾಗ ಉಳಿದ ಡಿವಿಷನ್‌ಗಳಿಂದ ಆಕ್ಷೇಪ ಬಂತು. ನಿಯಮದಲ್ಲಿ ಇಲ್ಲದ್ದನ್ನು ಇವರೇಕೆ ಹಾಕಿಕೊಂಡಿದ್ದಾರೆ? ಇದರಿಂದ ಹುಡುಗರ ಹುರುಪು ಹೆಚ್ಚಿದೆ ಎಂದು ಡಿವಿಷನ್ನಿನ ಜನರಲ್ ವಾದಿಸಿದರು. ದಂಡನಾಯಕ ಜನರಲ್ ಪರ್ಷಿಂಗ್ ಅಕ್ಟೋಬರ್ 19ರಂದು ಒಪ್ಪಿಗೆ ಕೊಟ್ಟದ್ದಲ್ಲದೆ, ಉಳಿದ ಡಿವಿಷನ್‌ಗಳೂ ತಮ್ಮ ತಮ್ಮ ಬಿಲ್ಲೆ ಮಾಡಿಕೊಳ್ಳುವ ದಾರಿ ತೆರೆದರು. ಹುಡುಗರು ನಿಯಮ ಮೀರಿ ಮೊದಲು ಹೊಲಿದುಕೊಂಡರು, ಮೇಲಿನವರು ಆಮೇಲೆ ಒಪ್ಪಿದರು. ಈ ಕ್ರಮ ಮುಂದಿನ ನೂರು ವರ್ಷವೂ ನಡೆದುಬಂತು.

ಶತ್ರು ಬೈದ ಬೈಗುಳವನ್ನೇ ಎತ್ತಿ ಎದೆಗೆ ಹಚ್ಚಿಕೊಳ್ಳುವ ಬುದ್ಧಿ ಯುರೋಪಿನ ಸೈನಿಕರಲ್ಲಿ ಮೊದಲೇ ಇತ್ತು. 1914ರಲ್ಲಿ ಜರ್ಮನಿಯ ಕೈಸರ್ ತಮ್ಮನ್ನು ತುಚ್ಛ ಸೈನ್ಯವೆಂದು ಕರೆದರೆಂಬ ಸುದ್ದಿ ಕೇಳಿದ ಬ್ರಿಟಿಷ್ ಸೈನಿಕರು ಯುದ್ಧ ಮುಗಿದ ಮೇಲೂ 'ಹಳೆಯ ತುಚ್ಛರು' ಎಂದೇ ತಮ್ಮನ್ನು ಕರೆದುಕೊಂಡರು. 1941ರಲ್ಲಿ ಲಿಬಿಯಾದ ಟೊಬ್ರುಕ್ ಬಂದರಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಆಸ್ಟ್ರೇಲಿಯನ್ನರನ್ನು ಜರ್ಮನ್ ರೇಡಿಯೊ ಬಿಲದೊಳಗಿನ ಇಲಿಗಳೆಂದು ಹಂಗಿಸಿತು. ಅವರು ಕೆಳಗುರುಳಿಸಿದ ಜರ್ಮನ್ ವಿಮಾನದ ಲೋಹವನ್ನು ಕತ್ತರಿಸಿ ಇಲಿಯ ಪದಕ ಮಾಡಿಕೊಂಡರು. ಸೇನಾ ನಗೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಉದಾಹರಣೆ ಇದು. ತಿನ್ನಲು ಸಾಕಷ್ಟಿಲ್ಲದೆ, ಬಿಸಿಲಿನಲ್ಲಿ, ಬಾಂಬಿನಡಿ ಕೂತವರು ತಮ್ಮ ಮಾನವನ್ನು ತಾವೇ ಕಾಪಾಡಿಕೊಂಡ ಬಗೆ ಇದು. ಅದರಿಂದ ಬೇರೆ ಯಾರ ಮಾನವೂ ಹೋಗಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಚಿತ್ರಕಾರರು ಈ ನಗೆಗೆ ಕೈಜೋಡಿಸಿದರು. ವಾಲ್ಟ್ ಡಿಸ್ನಿ ಅವರ ಸ್ಟುಡಿಯೊ ಸುಮಾರು 1,200 ಘಟಕಗಳಿಗೆ ಲಾಂಛನ ಬರೆದುಕೊಟ್ಟಿತು, ಒಂದಕ್ಕೂ ಹಣ ಪಡೆಯಲಿಲ್ಲ. ಹ್ಯಾಂಕ್ ಪೋರ್ಟರ್ ಎಂಬ ಕಲಾವಿದನ ಸಣ್ಣ ತಂಡ ಅದಕ್ಕೆಂದೇ ಕೂತಿತ್ತು. ನೌಕಾಪಡೆಯ ಪುಟ್ಟ ಟಾರ್ಪಿಡೊ ದೋಣಿಗಳಿಗೆ ಟಾರ್ಪಿಡೊ ಸವಾರಿ ಮಾಡುವ ಸೊಳ್ಳೆಯನ್ನು ಬರೆದುಕೊಟ್ಟದ್ದು ಆರಂಭದ ಕೆಲಸಗಳಲ್ಲೊಂದು. ಸೈನಿಕರು ಬಹಳವಾಗಿ ಬೇಡಿದ್ದು ಡೊನಾಲ್ಡ್ ಡಕ್ ಅನ್ನು. ಇನ್ನೂರಕ್ಕೂ ಹೆಚ್ಚು ಬಿಲ್ಲೆಗಳಲ್ಲಿ ಆ ಬಾತುಕೋಳಿ ಇದೆ. ಮುಂಗೋಪಿ, ಎಡವುವವನು, ಆದರೂ ಬಿಡದೆ ಎದ್ದು ಬರುವವನು. ಹಳ್ಳಿಯಿಂದಲೂ ಕಾರ್ಖಾನೆಯಿಂದಲೂ ಬಂದು ಸಮವಸ್ತ್ರ ತೊಟ್ಟ ಹುಡುಗನಿಗೆ ಅಮೃತಶಿಲೆಯ ವೀರರಿಗಿಂತ ಅವನು ಹತ್ತಿರದವನಾಗಿ ಕಂಡದ್ದು ಸಹಜ.

ಆ ಕಾಲದ ಬಿಲ್ಲೆಗಳಲ್ಲಿ ನಾವು ತುಸು ಹೊತ್ತು ನಿಂತು ನೋಡಬೇಕಾದದ್ದು ಫಿಫಿನೆಲ್ಲಾಳದು. ವಿಮಾನ ಕೆಟ್ಟರೆ ಅದು ಗ್ರೆಮ್ಲಿನ್ ಎಂಬ ಕುಳ್ಳ ಭೂತಗಳ ಕಿತಾಪತಿ ಎಂದು ಬ್ರಿಟಿಷ್ ವಾಯುಪಡೆಯವರು ಹೇಳಿಕೊಂಡು ನಗುತ್ತಿದ್ದರು. ಆ ಪಡೆಯ ಪೈಲಟ್ ಆಗಿದ್ದ ರೋಲ್ಡ್ ಡಾಲ್ ಅದನ್ನೇ ಮಕ್ಕಳ ಪುಸ್ತಕ ಮಾಡಿದರು, 1943ರಲ್ಲಿ ಅದು ಹೊರಬಂತು. ಫಿಫಿನೆಲ್ಲಾ ಅದರಲ್ಲಿನ ಹೆಣ್ಣು ಭೂತ. ಡಿಸ್ನಿ ಕಲಾವಿದರು ಅವಳಿಗೆ ಪುಟ್ಟ ಕೊಂಬು, ರೆಕ್ಕೆ, ಪೈಲಟ್ ಕನ್ನಡಕ ಕೊಟ್ಟರು. ಅಮೆರಿಕದ ವಾಯುಪಡೆಯ ಮಹಿಳಾ ಪೈಲಟ್‌ಗಳ ಸೇವಾದಳ ಅವಳನ್ನು ತನ್ನ ಬಿಲ್ಲೆಗೆ ಆರಿಸಿಕೊಂಡಿತು. ಆ ದಳಕ್ಕೆ ಅರ್ಜಿ ಹಾಕಿದವರು 25,000 ಮಂದಿ, ಹೆಚ್ಚಾಗಿ ಟೆಕ್ಸಸ್‌ನ ಸ್ವೀಟ್‌ವಾಟರ್ ಊರಿನ ಅವೆಂಜರ್ ಮೈದಾನದಲ್ಲಿ ತರಬೇತಿ ಮುಗಿಸಿದವರು 1,074 ಮಂದಿ. ಕಾರ್ಖಾನೆಯಿಂದ ಹೊಸ ಬಾಂಬರ್‌ಗಳನ್ನು ನೆಲೆಗಳಿಗೆ ಒಯ್ಯುವುದು, ದುರಸ್ತಿಯಾದ ವಿಮಾನ ಹಾರಿಸಿ ಪರೀಕ್ಷಿಸುವುದು, ಹೊಸಬರು ಗುರಿಯಿಟ್ಟು ಗುಂಡು ಹಾರಿಸಿ ಕಲಿಯಲೆಂದು ಬಟ್ಟೆಯ ಗುರಿಫಲಕವನ್ನು ವಿಮಾನದ ಹಿಂದೆ ಎಳೆದುಕೊಂಡು ಹೋಗುವುದು ಅವರ ಕೆಲಸ. 38 ಮಂದಿ ಕೆಲಸದಲ್ಲೇ ಸತ್ತರು. ಸರ್ಕಾರದ ಕಡತದಲ್ಲಿ ಅವರು ಸೈನಿಕರಲ್ಲ, ನಾಗರಿಕ ನೌಕರರು. ಹಾಗಾಗಿ ಶವಪೆಟ್ಟಿಗೆಯ ಮೇಲೆ ಬಾವುಟ ಹೊದಿಸುವ ಹಕ್ಕಿಲ್ಲ, ಊರಿಗೆ ಕಳಿಸುವ ಖರ್ಚೂ ಸರ್ಕಾರದ್ದಲ್ಲ. ಗೆಳತಿಯರು ತಮ್ಮತಮ್ಮಲ್ಲೇ ದುಡ್ಡು ಕೂಡಿಸಿ ಗೆಳತಿಯ ದೇಹವನ್ನು ಊರಿಗೆ ಕಳಿಸಿದರು. ಸೈನಿಕ ಸೇವೆಯ ಮಾನ್ಯತೆ ಅವರಿಗೆ ಸಿಕ್ಕಿದ್ದು 1977ರಲ್ಲಿ, ಸಂಸತ್ತಿನ ಚಿನ್ನದ ಪದಕದ ಮಸೂದೆಗೆ ಸಹಿ ಬಿದ್ದದ್ದು 2009ರಲ್ಲಿ. ಅಷ್ಟು ಕಾಲವೂ ಆ ಹೆಂಗಸರ ಜಾಕೆಟ್ಟಿನ ಮೇಲೆ ಅವರದೆಂದು ಹೇಳಿಕೊಳ್ಳಲು ಇದ್ದದ್ದು ಕೊಂಬಿನ ಆ ಪುಟ್ಟ ಭೂತ. ಮೊರೇಲ್ ಪ್ಯಾಚ್ ಹುಡುಗಾಟ ಎನ್ನುವವರು ಈ ಒಂದು ಬಿಲ್ಲೆಯ ಕಥೆ ತಿಳಿಯಬೇಕು.

ಆ ಯುದ್ಧದ ಬಿಲ್ಲೆಗಳಿಗೆ ನಮ್ಮ ನಾಡಿನ ನಂಟೂ ಇದೆ. ಚೀನಾದ ಪರವಾಗಿ ಹಾರಾಡಿದ ಅಮೆರಿಕನ್ ಸ್ವಯಂಸೇವಕ ಪೈಲಟ್‌ಗಳ 'ಫ್ಲೈಯಿಂಗ್ ಟೈಗರ್ಸ್' ತಂಡಕ್ಕೆ ರೆಕ್ಕೆಯ ಹುಲಿಯನ್ನು ಬರೆದುಕೊಟ್ಟದ್ದು ಡಿಸ್ನಿಯೇ. ಆ ತಂಡದ ವಿಮಾನಗಳ ವ್ಯವಹಾರ ನೋಡಿಕೊಂಡ ವಿಲಿಯಂ ಪಾಲಿ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟುವಾಗ ಜೊತೆಗಿದ್ದವರು. 1943ರಿಂದ ಆ ಕಾರ್ಖಾನೆ ಅಮೆರಿಕನ್ ವಾಯುಸೇನೆಯ 84ನೇ ಏರ್ ಡಿಪೊ ಆಗಿ ಬರ್ಮಾ ಮತ್ತು ಚೀನಾ ರಣರಂಗದ ವಿಮಾನಗಳನ್ನು ರಿಪೇರಿ ಮಾಡಿತು. ಕಟಲೀನಾ ಎಂಬ ನೀರುವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಚೀನಾ, ಬರ್ಮಾ, ಭಾರತ ಎಂಬ ಮೂರು ಹೆಸರಿನ ಆ ರಣರಂಗದ ಬಿಲ್ಲೆಗಳಲ್ಲಿ ಎಷ್ಟೋ ಬಿಲ್ಲೆಗಳನ್ನು ಹೊಲಿದವರು ಭಾರತದ ದರ್ಜಿಗಳು, ಜರಿ ಕೆಲಸದವರು, ಚರ್ಮದ ಕುಶಲಕರ್ಮಿಗಳು. ಇಂದು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುವುದು ಆ ಕೈಗೆಲಸದ ಬಿಲ್ಲೆಗಳನ್ನೇ. ಹೊಲಿದವರ ಹೆಸರು ಮಾತ್ರ ಬಹುತೇಕ ಬಿಲ್ಲೆಗಳ ಹಿಂದೆ ಇಲ್ಲ. ಇದು ನಮಗೆ ನೋವಿನ ವಿಷಯ.

ಭಾರತೀಯ ಡಿವಿಷನ್‌ಗಳಿಗೂ ಬಿಲ್ಲೆಗಳಿದ್ದವು. ನಾಲ್ಕನೆಯದಕ್ಕೆ ಕೆಂಪು ಹದ್ದು, ಬರ್ಮಾದಲ್ಲಿ ಕಾದಿದ ಹದಿನೇಳನೆಯದಕ್ಕೆ ಕಪ್ಪು ಬೆಕ್ಕು. ಐದನೆಯದರ ಗುರುತು ಕಪ್ಪು ಹಿನ್ನೆಲೆಯ ಮೇಲೆ ಒಂದು ಕೆಂಪು ವೃತ್ತ. ಅಧಿಕಾರಿಗಳು ಅದನ್ನು ಬೆಂಕಿಯ ಚೆಂಡು ಎಂದರು. ಬ್ರಿಟಿಷ್ ಸೈನಿಕರು ಇಟ್ಟ ಹೆಸರು ಇಲ್ಲಿ ಅಚ್ಚು ಮಾಡುವಂಥದ್ದಲ್ಲ. ಬಿಲ್ಲೆ ಅಧಿಕೃತವಾಗಿದ್ದರೂ ಅದರ ಅರ್ಥವನ್ನು ಕೊನೆಗೆ ಸಿಪಾಯಿಯೇ ತೀರ್ಮಾನಿಸುತ್ತಾನೆ.

ವಿಯೆಟ್ನಾಂ ಯುದ್ಧದಲ್ಲಿ ಈ ಕಲೆ ತನ್ನ ಪೂರ್ಣ ರೂಪಕ್ಕೆ ಬಂತು. ಆ ಯುದ್ಧದ ಗುರಿಯೇ ಅನೇಕ ಸೈನಿಕರಿಗೆ ಅರ್ಥವಾಗಿರಲಿಲ್ಲ. ಯಾವ ಗುರಿಗೆ ಬಾಂಬು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ಸಾವಿರಾರು ಮೈಲಿ ದೂರದ ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುತ್ತಿತ್ತು. ಬಾಯಿಬಿಟ್ಟು ಹೇಳಲಾಗದ ಮಾತನ್ನು ಅವರು ದರ್ಜಿಯ ಸೂಜಿಯಿಂದ ಹೇಳಿಸಿದರು. ವಿಮಾನವಾಹಕ ನೌಕೆಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ಏಳನೇ ನೌಕಾಪಡೆಯವರು ತಮ್ಮ ಪಡೆಯ ಲಾಂಛನವನ್ನೇ ಅಣಕಿಸಿ 'ಟಾಂಕಿನ್ ಕೊಲ್ಲಿ ವಿಹಾರನೌಕೆ ಕ್ಲಬ್ಬು' ಎಂಬ ಬಿಲ್ಲೆ ಹಾಕಿಕೊಂಡರು. ಫ್ಯಾಂಟಮ್ ವಿಮಾನದವರು ತಾವು ಶತ್ರುವಿನ ಮಿಗ್ ವಿಮಾನಗಳ ಬಿಡಿಭಾಗಗಳ ಜಗತ್ತಿನ ಅತಿದೊಡ್ಡ ವಿತರಕರು ಎಂದು ಬರೆಸಿಕೊಂಡರು. ಉತ್ತರ ವಿಯೆಟ್ನಾಮಿನ ಮೇಲೆ ನೂರು ಸಲ ಹಾರಿ ಬದುಕಿದವರು ಆ ಸಂಖ್ಯೆಯನ್ನೇ ಬಿಲ್ಲೆ ಮಾಡಿಕೊಂಡರು. ನೂರಾದರೆ ಮನೆಗೆ ಹೋಗಬಹುದಾಗಿತ್ತು.

ಇವೆಲ್ಲಕ್ಕಿಂತ ಹೆಚ್ಚು ಕಾಲ ಉಳಿದದ್ದು ಐದೇ ಇಂಗ್ಲಿಷ್ ಅಕ್ಷರಗಳ ಒಂದು ಬಿಲ್ಲೆ. 1965ರ ಜುಲೈ 24ರಂದು ಸೋವಿಯತ್ ನಿರ್ಮಿತ ಕ್ಷಿಪಣಿಯೊಂದು ವಿಯೆಟ್ನಾಮಿನಲ್ಲಿ ಮೊದಲ ಬಾರಿಗೆ ಅಮೆರಿಕನ್ ಫ್ಯಾಂಟಮ್ ವಿಮಾನವನ್ನು ಉರುಳಿಸಿತು. ಆ ಕ್ಷಿಪಣಿ ನೆಲೆಗಳನ್ನು ಹುಡುಕಿ ಹೊಡೆಯಲು 'ವೈಲ್ಡ್ ವೀಸೆಲ್' ಎಂಬ ಗುಪ್ತ ತಂಡ ಕಟ್ಟಲಾಯಿತು. ಕೆಲಸ ಹೀಗೆ: ಇಬ್ಬರು ಕೂರುವ ಯುದ್ಧವಿಮಾನದಲ್ಲಿ ಹೋಗಿ, ಶತ್ರುವಿನ ರಾಡಾರ್ ತಮ್ಮನ್ನು ನೋಡುವಂತೆ ಮಾಡಿ, ಅದು ಕ್ಷಿಪಣಿ ಬಿಡುವುದರೊಳಗೆ ಅದರ ಜಾಗ ಪತ್ತೆಮಾಡಿ ಹೊಡೆಯಬೇಕು. ಅಲ್ಲಿಯವರೆಗೆ ದೊಡ್ಡ ಬಾಂಬರಿನಲ್ಲಿ ರಾಡಾರ್ ಉಪಕರಣ ನೋಡಿಕೊಂಡಿದ್ದ ಜ್ಯಾಕ್ ಡೊನೊವನ್ ಎಂಬ ಅಧಿಕಾರಿಗೆ ಇದನ್ನು ವಿವರಿಸಿದಾಗ ಅವರ ಬಾಯಿಂದ ಬಂದದ್ದು, ತಮಾಷೆ ಮಾಡ್ತಿದ್ದೀರೇನ್ರೀ ಎಂಬರ್ಥದ ಒಂದು ಹೊಲಸು ಉದ್ಗಾರ. ಅದರ ಐದು ಮೊದಲಕ್ಷರಗಳು ತಂಡದ ಬಿಲ್ಲೆಗೆ ಹೋದವು, ಇಂದಿಗೂ ಆ ಕೆಲಸದವರ ಬಿಲ್ಲೆಯಲ್ಲಿವೆ. ಹಾಗೆ ಉದ್ಗರಿಸಿದ ಡೊನೊವನ್ ಹಿಂಜರಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1965ರ ಡಿಸೆಂಬರ್ 22ರಂದು ಪೈಲಟ್ ಆಲನ್ ಲ್ಯಾಂಬ್ ಜೊತೆ ಹೋಗಿ ತಂಡದ ಮೊದಲ ಕ್ಷಿಪಣಿ ನೆಲೆಯನ್ನು ನಾಶಮಾಡಿದವರು ಅವರೇ. ಅದೇ ಕೆಲಸದಲ್ಲಿ ಅವರ ಎಷ್ಟೋ ಜೊತೆಗಾರರು ಹಿಂದಿರುಗಲಿಲ್ಲ. ಅಂಜಿಕೆಯನ್ನು ಬಚ್ಚಿಡದೆ ಹೇಳಿಕೊಂಡು, ಹೇಳಿಕೊಂಡ ಮೇಲೂ ಹೋಗಿ ಕೆಲಸ ಮಾಡಿದವರ ಬಿಲ್ಲೆ ಅದು. ಮೊರೇಲ್ ಪ್ಯಾಚ್ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾವು ತೋರಿಸುವುದು ಇದನ್ನೇ.

ಆ ವರ್ಷವೇ ಈ ಅಭ್ಯಾಸ ಬಾಹ್ಯಾಕಾಶಕ್ಕೂ ಏರಿತು. ವಾಯುಪಡೆಯಿಂದ ಬಂದ ಗಗನಯಾತ್ರಿ ಗಾರ್ಡನ್ ಕೂಪರ್ 1965ರ ಆಗಸ್ಟ್‌ನ ಜೆಮಿನಿ 5 ಯಾನಕ್ಕೆ ಬಿಲ್ಲೆ ಬೇಕೆಂದು ಹಟ ಹಿಡಿದರು. ಹಳೆಯ ಕಾಲದ ವಲಸೆಗಾರರ ಕಮಾನುಗಾಡಿಯ ಚಿತ್ರ, ಅದರ ಮೇಲೆ ಎಂಟು ದಿನ ಪೂರೈಸುತ್ತೇವೆ ಇಲ್ಲವೇ ಮುಳುಗುತ್ತೇವೆ ಎಂಬ ಧಾಟಿಯ ಸಾಲು. ಯಾನ ನಡುವೆ ನಿಂತರೆ ನಗೆಪಾಟಲಾಗುತ್ತದೆಂದು ನಾಸಾದ ಮುಖ್ಯಸ್ಥ ಜೇಮ್ಸ್ ವೆಬ್ ಆ ಸಾಲಿನ ಮೇಲೆ ಬಟ್ಟೆ ಮುಚ್ಚಿಸಿದರು. ಎಂಟು ದಿನ ಪೂರೈಸಿತು. ಇಂದು ನಾಸಾದ ಪ್ರತಿ ಮಾನವಯಾನಕ್ಕೂ ಬಿಲ್ಲೆ ಇದೆ.

ಗುಪ್ತ ಕೆಲಸ ಮಾಡುವವರ ಬಿಲ್ಲೆಗಳದು ಬೇರೆಯದೇ ಲೋಕ. ತಾವು ಏನು ಮಾಡುತ್ತೇವೆಂದು ಹೆಂಡತಿಗೂ ಹೇಳಲಾಗದವರಿಗೆ, ತಮ್ಮೊಳಗಾದರೂ ಹಂಚಿಕೊಳ್ಳಲು ಒಂದು ಗುರುತು ಬೇಕಾಗುತ್ತದೆ. ಬಿ-2 ಬಾಂಬರ್ ಹಾರಿಸುವ 509ನೇ ಘಟಕ 1947ರಲ್ಲಿ ನ್ಯೂ ಮೆಕ್ಸಿಕೊದ ರಾಸ್ವೆಲ್‌ನಲ್ಲಿ ಇದ್ದದ್ದು. ಅನ್ಯಗ್ರಹದ ನೌಕೆ ಬಿದ್ದಿತೆಂಬ ವದಂತಿ ಎದ್ದದ್ದು ಅಲ್ಲೇ. ಆದ್ದರಿಂದ ಅವರ ಒಂದು ಬಿಲ್ಲೆಯಲ್ಲಿ ಅನ್ಯಗ್ರಹದ ಜೀವಿಯ ಮುಖ ಇದೆ, ಕೆಳಗೆ ಇದು ಕೋಳಿಯ ರುಚಿಯಂತಿದೆ ಎಂಬ ಲ್ಯಾಟಿನ್ ವಾಕ್ಯ. ಕಲಾವಿದ ಟ್ರೆವರ್ ಪ್ಯಾಗ್ಲನ್ ಇಂಥವನ್ನೆಲ್ಲ ಕೂಡಿಸಿ ಒಂದು ಪುಸ್ತಕವನ್ನೇ ಮಾಡಿದ್ದಾರೆ. ಆದರೆ ಒಳಗಿನವರ ತಮಾಷೆ ಹೊರಗೆ ಬಂದಾಗ ಅದರ ಅರ್ಥ ಕೈತಪ್ಪುತ್ತದೆ. 2000ದ ಆಗಸ್ಟ್‌ನಲ್ಲಿ ಉಡಾವಣೆಯಾದ ಗೂಢಚಾರ ಉಪಗ್ರಹವೊಂದರ ಬಿಲ್ಲೆಯ ಚಿತ್ರವನ್ನೇ ಓದಿ, ಹವ್ಯಾಸಿ ಉಪಗ್ರಹ ವೀಕ್ಷಕ ಟೆಡ್ ಮೊಲ್ಕ್‌ಝಾನ್ ಅದು ಎಂಥ ಉಪಗ್ರಹವೆಂದು ಊಹಿಸಿದರು. ಆ ಉಪಗ್ರಹದ ಒಡೆಯನಾದ ಅಮೆರಿಕದ ಗೂಢಚಾರ ಸಂಸ್ಥೆಯೇ 2013ರ ಡಿಸೆಂಬರ್‌ನಲ್ಲಿ ಹಾರಿಸಿದ ಇನ್ನೊಂದರ ಬಿಲ್ಲೆಯಲ್ಲಿ ಭೂಮಿಯನ್ನು ತಬ್ಬಿದ ಅಷ್ಟಪಾದಿ ಇತ್ತು, ನಮ್ಮ ಕೈಗೆ ಎಟುಕದ್ದು ಯಾವುದೂ ಇಲ್ಲ ಎಂಬ ಘೋಷಣೆಯೂ ಇತ್ತು. ಅಮೆರಿಕ ಜನರ ಫೋನು, ಅಂತರಜಾಲದ ಮಾಹಿತಿಯನ್ನು ರಾಶಿಗಟ್ಟಲೆ ಗುಟ್ಟಾಗಿ ಕೂಡಿಡುತ್ತಿದೆಯೆಂದು ಎಡ್ವರ್ಡ್ ಸ್ನೋಡನ್ ಬಯಲು ಮಾಡಿ ಆರು ತಿಂಗಳಷ್ಟೇ ಆಗಿತ್ತು. ಆಮೇಲೆ ಹೊರಬಂದ ದಾಖಲೆಗಳಲ್ಲಿ ಗೊತ್ತಾದದ್ದೇನೆಂದರೆ, ಪರೀಕ್ಷೆಯ ವೇಳೆ ತೊಂದರೆ ಕೊಟ್ಟ ಒಂದು ತಂತಿಗುಚ್ಛವನ್ನು ಎಂಜಿನಿಯರುಗಳು ಆಕ್ಟೋಪಸ್ ಎಂದು ಕರೆಯುತ್ತಿದ್ದರು, ಚಿತ್ರ ಬಂದದ್ದು ಅಲ್ಲಿಂದ. ಅವರಿಗೆ ಅದು ತಮ್ಮ ತಲೆನೋವಿನ ನೆನಪು. ಲೋಕಕ್ಕೆ ಅದು ಬೆದರಿಕೆ. ಲೋಕದ ಓದೂ ತಪ್ಪೆನ್ನಲಾಗದು, ಘೋಷಣೆ ಬರೆದವರು ಅವರೇ ತಾನೆ.

ಈಗ ತಿರುವಿನ ಮಾತು. ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ತುಪ್ಪಟಕ್ಕೂ ನಮ್ಮ ಹೊಲದಂಚಿನ ಉತ್ತರಾಣಿಯ ಹಾಗೆ ಕಚ್ಚಿಕೊಂಡ ಮುಳ್ಳುಕಾಯಿ ನೋಡಿ ಕಂಡುಹಿಡಿದ ವೆಲ್ಕ್ರೋ, 2004ರಲ್ಲಿ ಪ್ರಕಟವಾದ ಅಮೆರಿಕನ್ ಸೇನೆಯ ಹೊಸ ಸಮವಸ್ತ್ರದ ತೋಳಿಗೆ ಬಂತು. ಬಿಲ್ಲೆಯನ್ನು ಹೊಲಿಯಬೇಕಿಲ್ಲ, ಅಂಟಿಸಿ ಕೀಳಬಹುದು. ಮೇಲಧಿಕಾರಿ ಬಂದರೆ ಜೇಬಿಗೆ, ಹೋದರೆ ಮತ್ತೆ ತೋಳಿಗೆ. ಅದರ ಜೊತೆಗೆ ಅಂತರಜಾಲದ ಅಂಗಡಿಗಳು ಬಂದವು. ದರ್ಜಿಯ ಮುಂದೆ ಕೂತು, ಗೆಳೆಯರೊಡನೆ ಚರ್ಚಿಸಿ, ತಮ್ಮ ಘಟಕಕ್ಕೆಂದೇ ಮಾಡಿಸುವ ಕೆಲಸ ಹೋಗಿ, ಯಾರೋ ಎಲ್ಲೋ ಮಾಡಿದ ಸಿದ್ಧ ಬಿಲ್ಲೆ ಅಂಚೆಯಲ್ಲಿ ಬರತೊಡಗಿತು. ಯುದ್ಧವನ್ನೇ ನೋಡದವನು ಯುದ್ಧದಲ್ಲಿರುವವನಿಗಾಗಿ ತಮಾಷೆ ಬರೆಯತೊಡಗಿದ. ಬೇರು ಕಿತ್ತದ್ದು ಇಲ್ಲಿ ಎಂದು ನಮ್ಮ ನಂಬಿಕೆ.

ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಕಂಡ ಬಿಲ್ಲೆಗಳನ್ನು ನೋಡಿ. ಕಷ್ಟವನ್ನು ಅಪ್ಪಿಕೊಳ್ಳಿ ಎಂದು ಒರಟಾಗಿ ಹೇಳುವಂಥವು ಹಳೆಯ ಜಾತಿಯವು, ಅವುಗಳ ಬಗ್ಗೆ ತಕರಾರಿಲ್ಲ. ಆದರೆ 'ಕಾಫಿರ' ಎಂದು ಇಂಗ್ಲಿಷಿನಲ್ಲೂ ಅರಬ್ಬಿ ಲಿಪಿಯಲ್ಲೂ ಬರೆದದ್ದು, ಹಂದಿಮಾಂಸ ತಿನ್ನುತ್ತಿರುವ ಧರ್ಮಯೋಧನ ಚಿತ್ರದ್ದು, ಇವು ಯಾರಿಗಾಗಿ? ಜನರನ್ನು ರಕ್ಷಿಸಿ ಅವರ ವಿಶ್ವಾಸ ಗಳಿಸುವುದೇ ಈ ಯುದ್ಧದ ಕೇಂದ್ರ ಎಂದು ಅಮೆರಿಕನ್ ಸೇನೆಯ 2006ರ ಕೈಪಿಡಿಯೇ ಬರೆಯಿತು. ಆ ಬಿಲ್ಲೆ ಧರಿಸಿದವನ ಪಕ್ಕದಲ್ಲಿ ದುಭಾಷಿಯಾಗಿ ನಿಂತವನು ಅಫ್ಘನ್, ಗಸ್ತಿನಲ್ಲಿ ಜೊತೆಗೆ ನಡೆದವನು ಇರಾಕಿ ಸಿಪಾಯಿ. ಇಬ್ಬರಿಗೂ ಅರಬ್ಬಿ ಅಕ್ಷರ ಓದಲು ಬರುತ್ತಿತ್ತು. ಶತ್ರು ನಮ್ಮನ್ನು ಕಾಫಿರರೆಂದ, ನಾವು ಅದನ್ನೇ ಹಾಕಿಕೊಂಡೆವು, ಟೊಬ್ರುಕ್‌ನ ಇಲಿಗಳ ಹಾಗೆ, ಎಂದು ಸಮರ್ಥಿಸುವವರಿದ್ದಾರೆ. ಇಲಿಯ ಪದಕದಿಂದ ಊರಿನ ಯಾವ ಗೃಹಸ್ಥನೂ ನೊಂದಿರಲಿಲ್ಲ. ಇಲ್ಲಿ ಹಂಗಿಸಿಕೊಂಡದ್ದು ಮಿತ್ರರ ಧರ್ಮ.

ಇದು ಒಂದು ದೇಶದ ದೋಷವಲ್ಲ. 2009ರಲ್ಲಿ ಇಸ್ರೇಲಿನ ಹಾರೆಟ್ಜ್ ಪತ್ರಿಕೆ ಅಲ್ಲಿನ ಸೈನಿಕರು ತರಬೇತಿ ಮುಗಿದಾಗ ಮಾಡಿಸಿಕೊಂಡ ಟಿ-ಶರ್ಟುಗಳ ಬಗ್ಗೆ ವರದಿ ಮಾಡಿತು. ಒಂದರಲ್ಲಿ ಬಂದೂಕಿನ ಗುರಿಯ ವೃತ್ತದೊಳಗೆ ಗರ್ಭಿಣಿ, ಕೆಳಗೆ ಒಂದು ಗುಂಡಿಗೆ ಎರಡು ಎಂಬ ಬರಹ. ಸೇನೆ ಅದನ್ನು ಖಂಡಿಸಿತು. ಆಸ್ಟ್ರೇಲಿಯಾದಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಆಂಗಸ್ ಕ್ಯಾಂಬೆಲ್ 2018ರ ಏಪ್ರಿಲ್‌ನಲ್ಲಿ ಸಾವಿನ ಚಿಹ್ನೆಗಳೆಲ್ಲವನ್ನೂ ನಿಷೇಧಿಸಿದರು. ತಲೆಬುರುಡೆ, ಕುಡುಗೋಲು ಹಿಡಿದ ಮೃತ್ಯು, ಸಿನಿಮಾದ ಸೇಡಿನ ನಾಯಕರು ಯಾವುದೂ ಕೂಡದು. ಕೊಲ್ಲುವ ಅಧಿಕಾರ ಸೈನಿಕನ ಅತಿ ಗಂಭೀರ ಹೊಣೆ, ಈ ಚಿಹ್ನೆಗಳು ಅದರ ಬಗ್ಗೆ ಅಹಂಕಾರ ಬೆಳೆಸುತ್ತವೆ ಎಂಬುದು ಅವರ ವಾದ. ಹಲವರು ಸಿಟ್ಟಾದರು, ಹುಡುಗರ ಸಂತೋಷಕ್ಕೆ ಕಲ್ಲು ಎಂದರು. ಆ ದೇಶದ ಪಡೆಗಳ ನಡತೆಯ ಬಗ್ಗೆ 2016ರಿಂದ ನಡೆಯುತ್ತಿದ್ದ ಬ್ರೆರ್ಟನ್ ವಿಚಾರಣೆಯ ವರದಿ 2020ರ ನವೆಂಬರ್‌ನಲ್ಲಿ ಹೊರಬಂತು. ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯಾದ ವಿಶೇಷ ಪಡೆಗಳವರು 39 ಮಂದಿಯನ್ನು ಕಾನೂನುಬಾಹಿರವಾಗಿ ಕೊಂದರೆಂಬುದಕ್ಕೆ ನಂಬಲರ್ಹ ಮಾಹಿತಿ ಇದೆ ಎಂದಿತು ಆ ವರದಿ. ಬಿಲ್ಲೆಯಿಂದ ಕೊಲೆಯಾಯಿತೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವುದು ಅಜ್ಞಾನ. ಆದರೆ ಒಂದು ಪಡೆಯ ಒಳಗೆ ಏನು ಕೊಳೆಯುತ್ತಿದೆಯೆಂದು ಮೊದಲು ಕಾಣುವುದು ಇಂಥ ಕಡೆ. ಆಲಿಸುವ ಕಮಾಂಡರಿಗೆ ಅದು ಮುನ್ಸೂಚನೆ.

ನಮ್ಮ ದೇಶದ ಬಿಲ್ಲೆಗಳತ್ತ ಬರೋಣ. 2019ರ ಫೆಬ್ರವರಿ 27ರಂದು ಕಾಶ್ಮೀರದ ಗಡಿಯ ಮೇಲೆ ನಡೆದ ವಾಯುಕಾಳಗದ ನಂತರ ಭಾರತೀಯ ವಾಯುಪಡೆಯಲ್ಲಿ ಎರಡು ಬಿಲ್ಲೆ ಕಾಣಿಸಿದವು. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ 51ನೇ ಸ್ಕ್ವಾಡ್ರನ್ನಿನವರದು 'ಫಾಲ್ಕನ್ ಸ್ಲೇಯರ್ಸ್', ಪಾಕಿಸ್ತಾನದ ಎಫ್-16 ವಿಮಾನ ಹೊಡೆದವರು ಎಂದರ್ಥ. ಸುಖೋಯ್-30 ಪೈಲಟ್‌ಗಳದು 'ಆಮ್ರಾಮ್ ಡಾಡ್ಜರ್ಸ್', ತಮ್ಮ ಮೇಲೆ ಬಿಟ್ಟ ಆಮ್ರಾಮ್ ಕ್ಷಿಪಣಿಗಳಿಂದ ತಪ್ಪಿಸಿಕೊಂಡವರು. ಎಫ್-16 ಬಿದ್ದಿತೆಂದು ಭಾರತ ಹೇಳುತ್ತದೆ, ಪಾಕಿಸ್ತಾನ ಇಲ್ಲವೆನ್ನುತ್ತದೆ. ಮೊದಲ ಬಿಲ್ಲೆಯ ಹೆಮ್ಮೆ ನಮಗೆ ಅರ್ಥವಾಗುತ್ತದೆ. ಮನಸ್ಸಿಗೆ ಹತ್ತಿರವಾದದ್ದು ಎರಡನೆಯದು. ಬೆನ್ನ ಹಿಂದೆ ಕ್ಷಿಪಣಿ ಬರುತ್ತಿರುವಾಗ ವಿಮಾನ ತಿರುಗಿಸಿ ಬದುಕಿ ಬಂದವನಿಗೆ ನಗುವ ಹಕ್ಕು ಪೂರ್ತಿ ಇದೆ. ಅದೇ ವರ್ಷದ ನವೆಂಬರ್‌ನಲ್ಲಿ ಕರಾಚಿಯ ಪಾಕಿಸ್ತಾನ ವಾಯುಪಡೆ ವಸ್ತುಸಂಗ್ರಹಾಲಯ, ಆ ಕಾಳಗದಲ್ಲಿ ತಮಗೆ ಸೆರೆಸಿಕ್ಕಿದ್ದ ಅಭಿನಂದನ್ ಅವರ ಬೊಂಬೆಯನ್ನು ಚಹಾದ ಲೋಟದ ಜೊತೆ ಪ್ರದರ್ಶನಕ್ಕಿಟ್ಟಿತು. ಯುದ್ಧಕೈದಿಯನ್ನು ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕೆಂದು 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಸೆರೆಯಾಳಿನ ಮೇಲಿನ ನಗೆ ಯಾವ ಸೇನೆಗೂ ಶೋಭೆಯಲ್ಲ. ನಾಳೆ ನಮ್ಮ ಕೈಗೆ ಅವರವನು ಸಿಕ್ಕರೆ ನಮ್ಮವರಿಗೂ ಇದೇ ಮಾತು ಅನ್ವಯಿಸಬೇಕು.

ಉಕ್ರೇನಿನಲ್ಲಿ 2022ರಿಂದ ಈ ಕಲೆ ಹೊಸ ಹುರುಪು ಪಡೆದಿದೆ. ಟ್ಯಾಂಕ್ ಹೊಡೆಯುವ ಜ್ಯಾವೆಲಿನ್ ಕ್ಷಿಪಣಿ ಹಿಡಿದ ಸಂತಳ ಚಿತ್ರವನ್ನು ಕೆನಡಾದ ಕ್ರಿಶ್ಚಿಯನ್ ಬೋರಿಸ್ ಸ್ಟಿಕರು, ಬಿಲ್ಲೆ ಮಾಡಿ ಮಾರಿ, ಬಂದ ಹಣದಿಂದ ಯುದ್ಧಸಂತ್ರಸ್ತರಿಗೆ ನೆರವಾದರು. ಉಕ್ರೇನಿನ ಕೆಲವು ಸೈನಿಕರ ತೋಳಿನಲ್ಲಿ ನಾಜಿ ಕಾಲದ ಗುರುತುಗಳೂ ಕಂಡವು, ಶತ್ರುವಿನ ಪ್ರಚಾರಕ್ಕೆ ಅದು ತಾನಾಗಿ ಒದಗಿದ ಸರಕಾಯಿತು. ಅದಕ್ಕೂ ಮೊದಲು, 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ನರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಡ್ರೋನ್ ಅಭ್ಯಾಸದಲ್ಲಿ ಚೀನಾದ ಭೂಪಟವನ್ನು ಕೆಂಪಾಗಿ ತೋರಿಸಿ ಅದರ ಮೇಲೆ ರೀಪರ್ ಡ್ರೋನ್ ಕೂರಿಸಿದ ಬಿಲ್ಲೆ ಬೀಜಿಂಗಿನ ಪತ್ರಿಕೆಯ ಕೋಪಕ್ಕೆ ಕಾರಣವಾಯಿತು. ಒಂದು ಘಟಕದ ಒಳಗೇ ಉಳಿದು ಹೋಗುತ್ತಿದ್ದ ಬಿಲ್ಲೆ ಇಂದು ಅದೇ ಸಂಜೆ ಶತ್ರುರಾಜಧಾನಿ ತಲುಪುತ್ತದೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಬೇಕೆ? ನಮ್ಮ ಉತ್ತರ ಬೇಡ ಎಂಬುದು. ನಿಷೇಧಿಸಿದ ನಗೆ ಜೇಬಿನೊಳಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ಕೆಡುತ್ತದೆ. ಅಮೆರಿಕನ್ ವಾಯುಪಡೆ 2013ರಲ್ಲಿ ಶುಕ್ರವಾರಗಳಂದು ಮೊರೇಲ್ ಪ್ಯಾಚ್ ಧರಿಸಲು ಮತ್ತೆ ಅವಕಾಶ ಕೊಟ್ಟಿತು. ಘಟಕದ ಮುಖ್ಯಸ್ಥ ನೋಡಿ ಒಪ್ಪಬೇಕಿತ್ತು, ವಾರಕ್ಕೊಂದು ದಿನ ಎಲ್ಲರೆದುರು ಹಾಕಿಕೊಳ್ಳಬಹುದಿತ್ತು. ಇದು ವಿವೇಕದ ದಾರಿ. ಆ ಮುಖ್ಯಸ್ಥ ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಬಿಲ್ಲೆ ಯಾರನ್ನು ನೋಡಿ ನಗುತ್ತಿದೆ? ತಮ್ಮ ಅಂಜಿಕೆ, ತಮ್ಮ ಕೆಟ್ಟ ಅನ್ನ, ತಮ್ಮ ಜನರಲ್, ತಮ್ಮ ಕೆಟ್ಟುಹೋಗುವ ವಿಮಾನ, ಬಂದೂಕು ಹಿಡಿದು ಎದುರು ನಿಂತ ಬಲಿಷ್ಠ ಶತ್ರು, ಇವರ ಮೇಲಿನ ನಗೆಗೆ ಜಾಗ ಕೊಡಿ. ಸತ್ತವರು, ಸೆರೆಯಾಳುಗಳು, ನಿರಾಯುಧರು, ಯಾರದೇ ದೇವರು, ಇವರ ಮೇಲಿನ ನಗೆಯನ್ನು ಕಿತ್ತು ಹಾಕಿಸಿ. ಕೀಳಿಸುವಾಗ ಏಕೆಂದು ಹುಡುಗರಿಗೆ ವಿವರಿಸಿ.

ಇನ್ನೊಂದು ಕೆಲಸ ಬಾಕಿ ಇದೆ, ಅದು ನಮ್ಮನಿಮ್ಮ ಕೈಯಲ್ಲಿದೆ. 51ನೇ ಸ್ಕ್ವಾಡ್ರನ್ನನ್ನು 2022ರ ಸೆಪ್ಟೆಂಬರ್‌ನಲ್ಲಿ ವಿಸರ್ಜಿಸಲಾಯಿತು. ಅದು ಹಾರಿಸುತ್ತಿದ್ದ ಮಿಗ್-21 ವಿಮಾನಗಳಿಗೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಲಾಯಿತು. ಆರು ದಶಕ ಆ ವಿಮಾನ ಹಾರಿಸಿದವರು, ಅದರ ಎಂಜಿನ್ ಬಿಚ್ಚಿ ಜೋಡಿಸಿದವರು ಮಾಡಿಸಿಕೊಂಡ ಬಿಲ್ಲೆಗಳು ಅಧಿಕೃತ ಚರಿತ್ರೆಯಲ್ಲಿ ಇರುವುದಿಲ್ಲ. ಅವು ನಿವೃತ್ತರ ಮನೆಯ ಟ್ರಂಕುಗಳಲ್ಲಿವೆ. ಕೊಡಗಿನಲ್ಲಿ, ಬೀದರಿನಲ್ಲಿ, ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಿ ಸೇನೆಯಿಂದ ಬಂದ ಹಿರಿಯರಿಲ್ಲದ ಬೀದಿ ಕಡಿಮೆ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ವಸ್ತುಸಂಗ್ರಹಾಲಯ ಇಂಥ ಬಿಲ್ಲೆಗಳಿಗೆಂದು ಒಂದು ಗೋಡೆ ಮೀಸಲಿಡಬೇಕೆಂದು ನಾವು ಒತ್ತಾಯಿಸುತ್ತೇವೆ. ಓದುಗರಲ್ಲಿ ನಮ್ಮ ವಿನಂತಿ ಇಷ್ಟು: ನಿಮ್ಮ ತಂದೆ, ಅಜ್ಜ, ದೊಡ್ಡಪ್ಪ, ಅಕ್ಕ ಯಾರೇ ಸೇವೆ ಮಾಡಿದ್ದರೂ ಅವರು ಇರುವಾಗಲೇ ಟ್ರಂಕು ತೆಗೆಸಿ. ಬಿಲ್ಲೆ ಸಿಕ್ಕರೆ ಯಾವ ಘಟಕದ್ದು, ಯಾವ ವರ್ಷದ್ದು, ಯಾವ ಊರಲ್ಲಿ ಹೊಲಿಸಿದ್ದು, ದರ್ಜಿ ಯಾರು, ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗೇ ಇಡಿ.